ಟೀಚರ್ ಕನ್ನಡಕ

ಆನವಟ್ಟಿ ಹತ್ತಿರದ ಶಾಲೆಯಲ್ಲಿ ನನ್ನ ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದ ಟೀಚರ್‌ಗೆ ಕನ್ನಡಕ ಒರೆಸುವುದೇ ಒಂದು ಕೆಲಸ. ಅವರ ನಾಲ್ಕನೇ ತರಗತಿಯ ಮಕ್ಕಳೋ, ಪುಸ್ತಕ ಕಂಡರೆ ಮಾರುದೂರ. ಅದಕ್ಕೇ ಅವರು ಶಿರಾಳಕೊಪ್ಪದಿಂದ ಸೋಜಿಗದ ಸಂಗತಿಗಳ ಪುಸ್ತಕವೊಂದನ್ನು ತಂದು ದಿನಕ್ಕೊಂದು ಸಂಗತಿ ಓದಿ ಹೇಳತೊಡಗಿದರು. ಮಕ್ಕಳು ಆಕಳಿಸಿದರು.

ಒಂದು ದಿನ, "ಕುರಿಗೆ ಮೇಲ್ದವಡೆಯಲ್ಲೂ ಮುಂದಿನ ಹಲ್ಲುಗಳಿರುತ್ತವೆ" ಎಂದು ಓದಿದರು. ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸುಳ್ಳು ಟೀಚರ್! ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ರೀ. ಎಲ್ಲಿ ಬರ್ದೈತಿ, ತೋರ್ಸ್ರೀ."

ಪುಸ್ತಕ ಇಸಿದುಕೊಂಡು, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು. ಪುಸ್ತಕದಲ್ಲಿ ಅವಳು ಹೇಳಿದಂತೆಯೇ ಇತ್ತು.

"ಹೌದಾ? ಕನ್ನಡಕ ಬದಲಾಯಿಸ್ಬೇಕು ಕಣ್ರೇ," ಎಂದರು ಟೀಚರ್.

ಮರುದಿನವೂ ತಪ್ಪಾಗಿ ಓದಿದರು, ಅದರ ಮರುದಿನವೂ. ಪ್ರತಿ ಸಲ ತಪ್ಪು ಕನ್ನಡಕದ್ದೇ. ತಪ್ಪು ಹಿಡಿಯಲು ಮಕ್ಕಳು ಪುಸ್ತಕಕ್ಕೆ ಮುಗಿಬಿದ್ದರು. ಅದೇ ಕನ್ನಡಕದಲ್ಲಿ ಟೀಚರ್ ಪೇಪರಿನ ಟೆಂಡರ್ ಜಾಹೀರಾತಿನ ಸಣ್ಣಕ್ಷರವನ್ನೂ ಸರಾಗವಾಗಿ ಓದುವುದನ್ನು ನಾನು ನೋಡಿದ್ದೆ.

ಕೆಲವು ತಿಂಗಳ ಬಳಿಕ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಓದು ಕೇಳಿ ಬೆರಗಾಗಿ ಕೇಳಿದರು: "ಇಷ್ಟು ಚೆನ್ನಾಗಿ ಓದ್ತೀರಲ್ಲ, ನಿಮ್ಮ ಟೀಚರ್ ಕಲಿಸಿದ್ದಾ?"

"ಇಲ್ರೀ ಸಾರ್. ಟೀಚರ್‌ಗೆ ಓದಾಕೆ ಬರಲ್ಲ. ನಾವೇ ಅವ್ರಿಗೆ ಓದಿ ಹೇಳ್ತೀವಿ," ಎಂದಳು ಅದೇ ಹುಡುಗಿ.

ಸಾಹೇಬರು ತಿರುಗಿ ನೋಡಿದರು.

ಟೀಚರ್ ಕನ್ನಡಕ ಒರೆಸುತ್ತ, "ನಿಜ ಸಾರ್," ಎಂದರು.