ಹನ್ನೆರಡೂ ಇಪ್ಪತ್ತಕ್ಕೆ ಹೊಡೆದ ಗಂಟೆ

ಇಂಥ ಅನುಭವಗಳನ್ನು ಹೇಳಲು ಶುರು ಮಾಡುವವರನ್ನು ಕಂಡರೆ, ನೀರು ಕುಡಿಯುವ ನೆಪ ಮಾಡಿ ಮೆಲ್ಲಗೆ ಎದ್ದು ಹೋಗುತ್ತಿದ್ದವನು ನಾನು. ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ. ಅರಸೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡುವುದು ನನ್ನ ಕಸುಬು, ಇದನ್ನೂ ಹಾಗೆಯೇ ಹೇಳುತ್ತೇನೆ.

ನಾವು ಕ್ಯಾಥೊಲಿಕ್ ಕ್ರೈಸ್ತರು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಚರ್ಚಿನ ಗಂಟೆ ಕೇಳಿದಾಗ ಇದ್ದಲ್ಲೇ ನಿಂತು ಹೇಳುವ ತ್ರಿಕಾಲ ಪ್ರಾರ್ಥನೆ ನಮ್ಮಲ್ಲಿದೆ. ದೇವದೂತ ಬಂದು ಮಾತೆ ಮರಿಯಮ್ಮನವರಿಗೆ ಶುಭವಾರ್ತೆ ಹೇಳಿದ್ದನ್ನು ನೆನೆಯುವ ಪ್ರಾರ್ಥನೆ ಅದು. ಗಂಟೆ ಮೂರು ಸಲ ಹೊಡೆದು ತಡೆಯುತ್ತದೆ, ಮತ್ತೆ ಮೂರು, ಮತ್ತೆ ಮೂರು, ಕೊನೆಗೆ ಒಂದೇ ಸಮನೆ ಒಂಬತ್ತು. ನಮ್ಮ ಚರ್ಚಿನಲ್ಲಿ ಬಹಳ ವರ್ಷ ಆ ಗಂಟೆ ಹೊಡೆದವರು ನಮ್ಮಪ್ಪ. ಈ ಪ್ರಾರ್ಥನೆ ಹುಟ್ಟಿದ ಬಗೆಯನ್ನು ಅವರು ಹೇಳುತ್ತಿದ್ದರು. ಹಿಂದೆ ಯೂರೋಪಿನಲ್ಲಿ ಸನ್ಯಾಸಿಗಳು ಸಂಜೆ ಗಂಟೆ ಹೊಡೆದು ಪ್ರಾರ್ಥನೆಗೆ ಸೇರುತ್ತಿದ್ದರಂತೆ. ಹೊಲದಲ್ಲಿ ಗೇಯುವ ಜನಕ್ಕೆ ಅವರ ಲ್ಯಾಟಿನ್ ಎಲ್ಲಿ ಬರಬೇಕು? ಗಂಟೆ ಕೇಳಿದಾಗ ನಿಂತಲ್ಲೇ ಮೂರು ಸಲ 'ನಮೋ ಮರಿಯಾ' ಹೇಳಿ ಮನೆಗೆ ಹೋಗುತ್ತಿದ್ದರಂತೆ. ಬೆಳಗಿನದು, ಮಧ್ಯಾಹ್ನದ್ದು ಆಮೇಲೆ ಸೇರಿಕೊಂಡವು. "ಇದು ದಣಿದೋರ ಪ್ರಾರ್ಥನೆ ಕಣೋ," ಎನ್ನುತ್ತಿದ್ದರು.

ಅಪ್ಪನ ಬಲಭುಜ ಹಿಡಿದುಕೊಂಡಿತ್ತು. ಎರಡನೆಯ ಸರದಿ ಮುಗಿದ ಮೇಲೆ ಹಗ್ಗವನ್ನು ಎಡಗೈಗೆ ಬದಲಿಸಿಕೊಳ್ಳುವರು. ಅದಕ್ಕೇ ಮೂರನೆಯದಕ್ಕೆ ಮುಂಚೆ ಬಹಳ ಹೊತ್ತು ತಡೆ. ಆ ಸಂದಿನಲ್ಲಿ ಒಂದು ಬೀಡಿ ಸೇದಿ ಬರಬಹುದು ಎಂದು ಜನ ತಮಾಷೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ರೆಕಾರ್ಡ್ ಮಾಡಿದ ಗಂಟೆ ಮೈಕಿನಲ್ಲಿ ಬರತೊಡಗಿತು. ಅದರ ತಡೆಗಳೆಲ್ಲ ಒಂದೇ ಅಳತೆ. ಅಮ್ಮ ಅದಕ್ಕೆ ಎದ್ದು ನಿಲ್ಲಲೇ ಇಲ್ಲ. "ಇದು ಗಂಟೆ ಅಲ್ಲ," ಎಂದು ಅಕ್ಕಿ ಆರಿಸುತ್ತ ಕೂತಿರುವಳು.

ಆಮೇಲೆ ಅಮ್ಮನಿಗೆ ಮರೆವು ಹತ್ತಿತು. ಉಂಡದ್ದು ಮರೆತಳು, ನನ್ನ ಹೆಸರು ಮರೆತಳು, ಬಾಗಿಲು ತೆರೆದಿದ್ದರೆ ನಡೆದುಬಿಡುವಳು. ಮೂರು ವರ್ಷ ನಾನು ಸರಿಯಾಗಿ ಮಲಗಿದ್ದಿಲ್ಲ. ಬೇಲೂರಿನಲ್ಲಿರುವ ಅಕ್ಕ ಒಂದು ತಿಂಗಳು ನೋಡಿಕೊಳ್ಳುತ್ತೇನೆಂದು ಕರೆದುಕೊಂಡು ಹೋದವಳು, ಹದಿನೈದನೆಯ ದಿನವೇ ಫೋನ್ ಮಾಡಿ ತನ್ನಿಂದ ಆಗದು ಎಂದಳು. ಅವಳ ತಪ್ಪೇನೂ ಇಲ್ಲ.

ಕರೆದುಕೊಂಡು ಬರುವ ದಿನ ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಾಯಿತು. ಹನ್ನೆರಡು ಹೊಡೆದಾಗ ಬಸ್ಸಿನಲ್ಲಿ ಅಮ್ಮ ನಿದ್ದೆಯಲ್ಲಿದ್ದಳು. ಇಳಿದ ಮೇಲೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಟೀ ತರಲು ಹೋದೆ. ತಿರುಗಿ ಬಂದರೆ ಬೆಂಚು ಖಾಲಿ. ಪಕ್ಕದಲ್ಲಿದ್ದ ಹೆಂಗಸು, ಅಮ್ಮ ಆಗಲೇ ಎದ್ದು ಹೋದರು, ಎತ್ತ ಹೋದರೋ ನೋಡಲಿಲ್ಲ ಎಂದಳು.

ನಾನು ಓಡಬೇಕಿತ್ತು. ಓಡಲಿಲ್ಲ. ಅಮ್ಮ ಕುಳಿತಿದ್ದ ಜಾಗದಲ್ಲೇ ಕುಳಿತೆ. ಟೀ ಕುಡಿದೆ. ಹೋಗಲಿ, ಇಲ್ಲಿಗೆ ಮುಗಿಯಲಿ ಅನ್ನಿಸಿತು. ಹಾಗೆ ಅನ್ನಿಸಿದ್ದು ನಿಜ.

ಆಗ ಗಂಟೆ ಕೇಳಿಸಿತು. ಮೂರು. ತಡೆ. ಮೂರು. ಆಮೇಲೆ ನಿಂತೇ ಹೋಯಿತು. ಆ ತಡೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಮತ್ತೆ ಮೂರು ಹೊಡೆಯುವ ಹೊತ್ತಿಗೆ ಎದ್ದು ಸದ್ದು ಬಂದ ಕಡೆಗೆ ಓಡುತ್ತಿದ್ದೆ. ಒಂಬತ್ತು ಮುಗಿದಾಗ ಕೆರೆಯ ದಡದಲ್ಲಿದ್ದೆ. ಮೊಬೈಲಿನಲ್ಲಿ ಹನ್ನೆರಡೂ ಇಪ್ಪತ್ತು ಆಗಿತ್ತು.

ಅಮ್ಮ ಮೊಣಕಾಲುದ್ದ ನೀರಿನಲ್ಲಿ ಕೈಮುಗಿದು ನಿಂತಿದ್ದಳು. ತುಟಿ ಅಲುಗುತ್ತಿತ್ತು. ಎಮ್ಮೆ ತೊಳೆಯುತ್ತಿದ್ದ ಒಬ್ಬ ಅತ್ತಲಿಂದ ದಾಪುಗಾಲು ಹಾಕಿ ಬರುತ್ತಿದ್ದ. ಗಂಟೆ ಎಲ್ಲಿ ಹೊಡೆದದ್ದೆಂದು ಕೇಳಿದರೆ ನನ್ನ ಮುಖವನ್ನೇ ನೋಡಿದ.

"ಯಾವ ಗಂಟೆ? ನಂಗೇನೂ ಕೇಳ್ನಿಲ್ಲ. ಈಯಮ್ಮ ಸೀದಾ ನೀರಿಗೇ ಹೋಯ್ತಿದ್ರು. ಅಲ್ಲಿಂದ ಮುಂದಕ್ಕೆ ಆಳ ಐತೆ. ನಾನು ಕೂಗೋ ಅಷ್ಟ್ರಲ್ಲಿ ತಾವಾಗೇ ನಿಂತ್ಕಂಡ್ರು."

ಕೈಹಿಡಿದು ದಡಕ್ಕೆ ತಂದೆ. ಅಮ್ಮ ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಎಷ್ಟೋ ತಿಂಗಳ ಮೇಲೆ, ನನ್ನನ್ನು ಗುರುತು ಹಿಡಿದವಳ ಹಾಗೆ ನೋಡಿದಳು.

"ನಿಮ್ಮಪ್ಪ ಇವತ್ತು ತಡ ಮಾಡ್ಬಿಟ್ರು ಕಣೋ," ಎಂದಳು.

ಊರಿನಲ್ಲಿ ಗುಡಿಗಳಿವೆ, ಯಾವುದೋ ಗಂಟೆ ಇರಬಹುದು, ನಿದ್ದೆಗೆಟ್ಟ ತಲೆಗೆ ಏನಾದರೂ ಕೇಳಿಸೀತು ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅಮ್ಮ ಇನ್ನೂ ಇದ್ದಾಳೆ, ನನ್ನ ದಣಿವೂ ಇದೆ. ಬೆಂಚಿನ ಮೇಲೆ ಕುಳಿತ ಆ ಹೊತ್ತನ್ನು ಅಕ್ಕನಿಗೆ ಹೇಳಿಲ್ಲ, ಪಾಪನಿವೇದನೆಗೆ ಹೋದಾಗ ಫಾದರ್ ಬಳಿಯೂ ಹೇಳಿಲ್ಲ. ಆ ಗಂಟೆ ಅಮ್ಮನನ್ನು ನಿಲ್ಲಿಸಲಿಕ್ಕೆ ಹೊಡೆದದ್ದಾದರೆ ಅವಳೊಬ್ಬಳಿಗೆ ಕೇಳಿಸಿದ್ದರೆ ಸಾಕಿತ್ತು. ನನಗೇಕೆ ಕೇಳಿಸಿತು?