ಭಂಡಾರ ಮುಟ್ಟಿ ಮಾರಿಸಿದ ಕೆಂಪು ಕಾರು

ಮಾಳಪ್ಪ ಕಾಕಾ, ಆ ಕೆಂಪು ಕಾರು ನೀರಲ್ಲಿ ಮುಳುಗಿ ಎದ್ದದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ — ಅದರ ಹೊಟ್ಟೆಯೊಳಗಿನ ರಾಡಿ ತೆಗೆದವನೇ ನಾನು. ಗೊತ್ತಿದ್ದೂ ನಿಮ್ಮ ಎದುರಿಗೆ ನಿಂತು, ಬೀರಪ್ಪ ದೇವರ ಭಂಡಾರದ ಅರಿಶಿಣ ಮುಟ್ಟಿ ಸುಳ್ಳು ಹೇಳಿದೆ. ಆರು ವರ್ಷ ಆಯಿತು. ಈ ಆರು ವರ್ಷದಲ್ಲಿ ಹುನಗುಂದಕ್ಕೆ ಬಂದಾಗಲೆಲ್ಲ ನಿಮ್ಮ ಮನೆಯಲ್ಲಿ ಉಂಡು, ಕೈತೊಳೆದು, ಬಾಯಿ ಒರೆಸಿಕೊಂಡು ಹೋಗಿದ್ದೇನೆ. ಉಂಡ ಮನೆಯ ಜಂತಿ ಎಣಿಸುವವರು ಅಂತಾರಲ್ಲ, ಅವರೂ ನನಗಿಂತ ಚೊಲೊ ಮಂದಿ.

ಬೇರೆ ಯಾರಿಗೋ ಮಾಡಿದ್ದರೆ ಇಷ್ಟು ಅಸಹ್ಯ ಅನಿಸುತ್ತಿರಲಿಲ್ಲವೋ ಏನೋ. ನಮ್ಮಪ್ಪ ನಿಮ್ಮ ಬಸ್ಸಿನ ಕಂಡಕ್ಟರ್ ಆಗಿದ್ದ. ಅವನು ತೀರಿಕೊಂಡ ಮೇಲೆ ನನ್ನ ಕೈ ಹಿಡಿದು ಬಾಗಲಕೋಟೆಯ ಗ್ಯಾರೇಜಿಗೆ ಕೆಲಸಕ್ಕೆ ಹಚ್ಚಿದವರು ನೀವು. ಮೂವತ್ತು ವರ್ಷ ಸರಕಾರಿ ಬಸ್ಸು ಹೊಡೆದು ಒಂದು ನಾಯಿಗೂ ಗಾಲಿ ತಾಗಿಸದ ಮನುಷ್ಯ ಅಂತ ಡಿಪೋದಲ್ಲಿ ನಿಮ್ಮ ಹೆಸರು. ನಿವೃತ್ತಿ ಆದಾಗ ನಿಮಗೆ ಇದ್ದದ್ದು ಒಂದೇ ಆಸೆ. ಬಸ್ಸಿನ ಎತ್ತರದಲ್ಲಿ ಕುಂತು ಸಾಕಾಗಿದೆ, ನೆಲಕ್ಕೆ ಹತ್ತಿ ಕುಂತು ಹೊಡೆಯುವಂಥ ಎರಡು ಬಾಗಿಲಿನ ಗಾಡಿ ಬೇಕು, ಹಳೇದಾದರೂ ಸರಿ — ಅಂದಿರಿ. ಕಾಕಿ ಸೆರಗು ಬಾಯಿಗೆ ಹಚ್ಚಿ ನಕ್ಕಿದ್ದಳು. ನನಗೂ ಆಗ ಖುಷಿಯೇ ಆಗಿತ್ತು, ಅದು ಖರೆ.

ನಮ್ಮ ಕಡೆ ಹಳೆ ಗಾಡಿ ಕೊಳ್ಳುವವರು ಕಾಗದ ನೋಡುವುದಕ್ಕಿಂತ ಮಿಸ್ತ್ರಿಯ ಮಾರಿ ನೋಡುವುದೇ ಹೆಚ್ಚು. ತಮ್ಮ ನಂಬಿಗೆಯ ಮಿಸ್ತ್ರಿಯನ್ನು ಕರಕೊಂಡು ಹೋಗುತ್ತಾರೆ. ಅವನು ಬಾನೆಟ್ ಎತ್ತಿ, ನೋಡಿ, ಮುಚ್ಚಿ, ‘ಚೊಲೊ ಐತಿ’ ಅಂದರೆ ವ್ಯಾಪಾರ ಮುಗೀತು. ನಿಮ್ಮ ನಂಬಿಗೆಯ ಮಿಸ್ತ್ರಿ ನಾನು. ಕಾರು ಒಬ್ಬ ಗುತ್ತಿಗೆದಾರನದು. ಪಟ್ಟದಕಲ್ಲಿನ ಹತ್ತಿರ ಅವನ ಹೊಲದ ಶೆಡ್ಡಿನಲ್ಲಿ ನಿಂತಿತ್ತು. ಮಲಪ್ರಭೆ ಏರಿ ಬಂದಾಗ ಎರಡು ದಿನ ಸೀಟಿನ ಮಟ್ಟದವರೆಗೆ ನೀರಲ್ಲಿತ್ತು. ಇದನ್ನು ಯಾರಿಗಾದರೂ ದಾಟಿಸು, ನನ್ನ ಟಿಪ್ಪರುಗಳೆಲ್ಲ ನಿನ್ನ ಗ್ಯಾರೇಜಿಗೇ ಬರುತ್ತವೆ ಅಂದ. ನಾನಾಗ ಸ್ವಂತ ಗ್ಯಾರೇಜು ಹಾಕಿ ವರ್ಷ ಆಗಿರಲಿಲ್ಲ. ಮರುಮಾತಿಲ್ಲದೆ ಹೂಂ ಅಂದೆ.

ಒಳಗಿನ ಹಾಸು ಕಿತ್ತಾಗ ಬಂದ ನಾತ — ಥೂ, ಇವತ್ತಿಗೂ ಊಟದ ತಟ್ಟೆಯ ಮುಂದೆ ಒಮ್ಮೊಮ್ಮೆ ಬರುತ್ತದೆ. ಡ್ರೈವರ್ ಸೀಟಿನ ಸ್ಪಂಜಿನಲ್ಲಿ ಒಂದು ಮೀನು ಸಿಕ್ಕು ಕೊಳೆತಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ಮೇಲೆ ಹೊಸ ಬಟ್ಟೆ ಹೊದಿಸಿ, ಲಿಂಬಿ ವಾಸನೆಯ ಸೆಂಟು ಹೊಡೆದೆ. ಯಾವ ಜಾಗದಲ್ಲಿ ನೀವು ರಾಜನಂತೆ ಕುಂತು ಫೋಟೋ ತೆಗೆಸಿಕೊಂಡಿರೋ, ಅದೇ ಸೀಟು.

ಬ್ರೇಕಿನ ಪೈಪಿಗೆ ತುಕ್ಕು ಹತ್ತಿತ್ತು. ಬದಲಿಸಲೇಬೇಕಿತ್ತು. ಆ ಪೈಪು ಪುಣೆಯಿಂದ ಬರಬೇಕು, ತಿಂಗಳು ಹಿಡಿಯುತ್ತದೆ, ಗುತ್ತಿಗೆದಾರನಿಗೆ ಅವಸರ. ಮೇಲಿನ ತುಕ್ಕು ತಿಕ್ಕಿ ಕರಿ ಬಣ್ಣ ಬಳಿದೆ. ಮೊದಲ ಸರ್ವಿಸಿಗೆ ಬಂದಾಗ ಹಾಕಿದರಾಯಿತು ಅಂದುಕೊಂಡೆ. ನೀವು ಬಂದಿರಿ. ನಾನು ಹಾಕಲಿಲ್ಲ. ಹಾಕಿದರೆ ಯಾಕೆ ಅಂತ ನೀವು ಕೇಳುತ್ತಿದ್ದಿರಿ.

ಗಾಡಿ ತೋರಿಸಿದ ದಿನ ನಾನು ಎಷ್ಟು ಪ್ರಾಮಾಣಿಕನಂತೆ ನಟಿಸಿದೆ ನೆನಪಿದೆಯೇ? ಹಳೆ ಸ್ಪೋರ್ಟ್ಸ್ ಕಾರು ಅಂದರೆ ಏನೇನು ಅನುಭವಿಸಬೇಕು ಅಂತ ಒಂದೊಂದಾಗಿ ಹೇಳಿದೆ. ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ತಿಕ್ಕುತ್ತದೆ. ಪೆಟ್ರೋಲು ಕುಡಿಯುತ್ತದೆ. ಎ.ಸಿ. ಸತ್ತಿದೆ. ಭಾಳ ದಿನ ನಿಂತ ಗಾಡಿಯ ರಬ್ಬರೆಲ್ಲ ಬಿರುಸಾಗಿರುತ್ತದೆ, ಒಂದು ಸಾಮಾನು ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕು. ಎಲ್ಲಾ ಖರೆ ಮಾತು. ಹುಡುಗ ತನ್ನ ಲಾಭ ನೋಡದೆ ಹೇಳುತ್ತಿದ್ದಾನೆ ಅಂತ ನೀವು ನನ್ನ ಬೆನ್ನು ತಟ್ಟಿದಿರಿ. ಬೇರೆಯವರಿಗೆ ನಾನು ಮೊದಲು ಹೇಳುವುದೇನು ಗೊತ್ತೇ? ಸೀಟಿನ ಬೆಲ್ಟು ಪೂರಾ ಎಳೆದು ನೋಡ್ರಿ, ತುದಿಗೆ ಮಣ್ಣಿನ ಗೆರೆ ಇದ್ದರೆ ಆ ಗಾಡಿ ಮುಟ್ಟಬೇಡ್ರಿ ಅಂತ. ನಿಮಗೆ ಅದೊಂದು ಹೇಳಲಿಲ್ಲ. ಆ ಬೆಲ್ಟಿನ ತುದಿಯನ್ನು ಎರಡು ಸಲ ಸೋಪು ಹಚ್ಚಿ ತೊಳೆದರೂ ಗೆರೆ ಹೋಗಿರಲಿಲ್ಲ.

ನೀವು ಒಳಗೆ ಕುಂತಿರಿ. ಯಾವ ಹೊಸ ಗಾಡಿ ಹತ್ತಿದರೂ ಮಾಡುವಂತೆ ಸ್ಟಿಯರಿಂಗಿಗೆ ಹಚ್ಚಲು ಭಂಡಾರದ ಗಂಟು ಬಿಚ್ಚಿದಿರಿ. ಅರಿಶಿಣ ಅಂಗೈಯಲ್ಲಿ ಹಿಡಿದು ಮೂಗು ಏರಿಸಿ ಅಂದಿರಿ: “ಒಳಗ ಕೆಸರಿನ ವಾಸನಿ ಬಂದಂಗ ಆಗತೈತಲ್ಲೋ?”

ನೀವು ಆಣೆ ಕೇಳಿರಲಿಲ್ಲ. ಅದೇ ನನ್ನನ್ನು ಸುಡುವುದು. ನಾನೇ — ನನ್ನ ಕುಲದೇವರೂ ಬೀರಪ್ಪನೇ ಅಲ್ಲವೇ — ಬಾಗಿಲಿನಿಂದ ಬಗ್ಗಿ ನಿಮ್ಮ ಅಂಗೈಯೊಳಗಿನ ಭಂಡಾರಕ್ಕೆ ಬೆರಳು ಹಚ್ಚಿದೆ. “ಭಂಡಾರ ಮುಟ್ಟಿ ಹೇಳ್ತೇನಿ ಕಾಕಾ, ಈ ಗಾಡಿ ನೀರು ಕಂಡಿಲ್ಲ” ಅಂದೆ. ನಿಮಗೆ ನಾಚಿಕೆಯಾಯಿತು, ನನಗಲ್ಲ. ಅಷ್ಟು ಸಣ್ಣ ಮಾತಿಗೆ ಯಾಕೆ ಆಣೆ ಮಾಡಿದಿ ಅಂತ ಬೈದು, ಅದೇ ಅರಿಶಿಣ ನನ್ನ ಹಣೆಗೂ ಹಚ್ಚಿದಿರಿ.

ಐದು ತಿಂಗಳು ಓಡಿತು. ಕಾಕಿಯನ್ನು ಕೂಡಿಸಿಕೊಂಡು ಬಾದಾಮಿಯಿಂದ ಬರುವಾಗ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಎದುರಿಗೆ ರಸ್ತೆ ತುಂಬ ಕುರಿ, ಅವುಗಳ ಹಿಂದೆ ಕುರಿ ಕಾಯುವವ. ನೀವು ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬದಿಯ ಮರಳಿನ ಗುಡ್ಡೆಗೆ ಗಾಡಿ ಹೊಗಿಸಿದಿರಿ. ಒಂದು ಕುರಿಯ ಕೂದಲೂ ಕೊಂಕಲಿಲ್ಲ. ಕಾಕಿಯ ಬಲಗೈ ಮಣಿಕಟ್ಟು ಮುರಿಯಿತು.

ಎಳೆದು ತಂದ ಕಾರಿನ ಕೆಳಗೆ ನಾನೊಬ್ಬನೇ ಮಲಗಿ ನೋಡಿದೆ. ಆ ಪೈಪೇ ಸೀಳಿತ್ತು, ನನ್ನ ಕರಿ ಬಣ್ಣದ ಸಮೇತ. ಬಿಚ್ಚಿ ಅಡಗಿಸಿದೆ. ಮರುದಿನ ನೀವು ದವಾಖಾನೆಯಿಂದ ನೇರ ಬಂದಿರಿ, ಅಂಗಿಯ ಮೇಲೆ ಇನ್ನೂ ಮರಳಿತ್ತು.

“ಖರೆ ಹೇಳಪಾ. ಪೆಡಲ್ ತಳಾ ಮುಟ್ಟಿದಂಗ ಅನಸ್ತು ನನಗ. ಬ್ರೇಕ್ ಹಿಡೀಲಿಲ್ಲೋ, ನನ್ನ ಕಾಲ ತಡಾ ಆತೋ?”

ಆಗಲಾದರೂ ಹೇಳಬಹುದಿತ್ತು. ನೀವು ಬೈಯುತ್ತಿದ್ದಿರಿ, ಹೊಡೆಯುತ್ತಿದ್ದಿರಿ, ಅಷ್ಟೇ. ನಾನು ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಅಂದೆ: “ಬ್ರೇಕ್ ಚೊಲೊನ ಐತ್ರಿ ಕಾಕಾ. ವಯಸ್ಸಾತಲ್ಲರಿ, ಕಾಲ ತಡಾ ಆಗಿರಬೇಕು.”

ನೀವು ನಿಮ್ಮ ಬಲಗಾಲನ್ನೇ ನೋಡುತ್ತ ನಿಂತಿರಿ. ಗಾಡಿ ಗುಜರಿಗೆ ಹೋಯಿತು, ನಿಮ್ಮ ಲೈಸೆನ್ಸು ಕಾಕಿಯ ಟ್ರಂಕಿಗೆ ಹೋಯಿತು. ಡಿಪೋ ಎದುರಿನ ಚಹಾದಂಗಡಿಯಲ್ಲಿ ಕೇಳಿದವರಿಗೆಲ್ಲ ನಾನು ಅದೇ ಮಾತು ಹೇಳಿದೆ — ಪಾಪ, ವಯಸ್ಸು, ಏನು ಮಾಡೋದು ಅಂತ, ಲೊಚಗುಟ್ಟಿ ಬೇರೆ. ನನ್ನ ಮಾರಿಗೆ ನಾನೇ ಉಗುಳಿಕೊಳ್ಳಬೇಕು. ಕಾಕಿಯ ಕೈ ಮೊದಲಿನಂತೆ ಆಗಲಿಲ್ಲ. ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ಅಂಗಡಿಯ ರೊಟ್ಟಿ ತಂದು ಬಡಿಸಿ, “ತಪ್ಪು ತಿಳಕೋಬ್ಯಾಡಪಾ” ಅನ್ನುತ್ತಾಳೆ. ನನಗೆ! ನಾನು ಆ ರೊಟ್ಟಿಯನ್ನೂ ನುಂಗುತ್ತೇನೆ.

ಹೋದ ವಾರ ಹುನಗುಂದದ ಬಸ್ಸು ಹತ್ತಿದಾಗ ನೀವು ಕೊನೆಯ ಸೀಟಿನಲ್ಲಿದ್ದಿರಿ. ನಿಮ್ಮ ಕೈಯಲ್ಲೇ ಕೆಲಸ ಕಲಿತ ಡ್ರೈವರ್ ಮುಂದೆ ಬರ್ರಿ ಅಂತ ಎರಡು ಸಲ ಕರೆದ. ನೀವು ನಗುತ್ತ ಅಂದಿರಿ: “ಬ್ಯಾಡಪಾ, ಮುಂದ ಕುಂತ್ರ ಈ ಕಾಲು ಸುಮ್ಮನಿರಂಗಿಲ್ಲ. ಬ್ರೇಕ್ ಹುಡುಕತೈತಿ. ಸಿಗಬೇಕಾದಾಗ ಸಿಗಲಿಲ್ಲ ಇದಕ್ಕ.” ಬಸ್ಸಿನವರು ನಕ್ಕರು. ನಾನು ಮುಂದಿನ ನಿಲುಗಡೆಯಲ್ಲೇ ಇಳಿದುಬಿಟ್ಟೆ.

ಆ ಪೈಪು ನನ್ನ ಹತ್ತಿರ ಇದೆ. ಯಾಕೆ ಬಿಸಾಡಲಿಲ್ಲವೋ — ಧೈರ್ಯವಾಗಲಿಲ್ಲ ಅನಿಸುತ್ತದೆ, ಒಳ್ಳೆಯತನ ಅಂತ ತಿಳಿಯಬೇಡ್ರಿ. ಈ ಕಾಗದ ಅಂಚೆಗೆ ಹಾಕಿ ಕೈತೊಳೆದುಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಪೈಪು ಹಿಡಿದು ಹುನಗುಂದಕ್ಕೆ ಬರುತ್ತೇನೆ. ಮೊದಲು ಕಾಕಿಯ ಮುಂದೆ, ಆಮೇಲೆ ಆ ಚಹಾದಂಗಡಿಯಲ್ಲಿ, ಡ್ರೈವರುಗಳೆಲ್ಲ ಕೂಡಿರುವ ಹೊತ್ತಿಗೆ, ಪೈಪು ಮೇಜಿನ ಮೇಲಿಟ್ಟು ಈ ಕಾಗದ ಗಟ್ಟಿಯಾಗಿ ಓದುತ್ತೇನೆ. ಈ ಸಲ ಭಂಡಾರ ಮುಟ್ಟುವುದಿಲ್ಲ. ಆ ಯೋಗ್ಯತೆ ನನ್ನ ಕೈಗೆ ಉಳಿದಿಲ್ಲ. ನೀವು ಕ್ಷಮಿಸಬೇಡ್ರಿ. ಒಂದು ಮಾತು ಮಾತ್ರ ನಂಬ್ರಿ ಕಾಕಾ — ನೀವು ಬ್ರೇಕ್ ಒತ್ತಿದ್ದಿರಿ. ನಿಮ್ಮ ಕಾಲು ತಡಾ ಆಗಿದ್ದಿಲ್ಲ.