ಕೌಬಾಯ್‌ಗಳಿಗೆ ಬುದ್ಧಿ ಹೇಳುವ ಕಾಶಮ್ಮ

ಅಜ್ಜಂಪುರದ ಟೂರಿಂಗ್ ಟಾಕೀಸಿಗೆ ಯಾವ ಕೌಬಾಯ್ ಚಿತ್ರ ಬಂದರೂ ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ ಕಾಶಮ್ಮ ಹಾಜರು. ನಾಯಕ ಧೂಳೆಬ್ಬಿಸಿಕೊಂಡು ಬಂದರೆ, “ಲೇ, ಮೊದ್ಲು ಆ ಕುದ್ರೆಗೆ ಒಂದು ಹಿಡಿ ಹುಲ್ಲು ಹಾಕೋ!” ಎನ್ನುವಳು. ಊರಿಗೆ ಊರನ್ನೇ ಗುಂಡಿಟ್ಟು ಕೆಡವಿ ಅವನು ಪಿಸ್ತೂಲಿನ ಹೊಗೆ ಊದಿದರೆ, “ಟೋಪಿ ಒಂಚೂರೂ ಅಲ್ಲಾಡ್ಲಿಲ್ಲ ಕಣ್ರೀ, ಗೋಂದು ಹಚ್ಕೊಂಡವ್ನೆ!” ಎನ್ನುವಳು. ಶೂರರ ಚಿತ್ರಗಳೆಲ್ಲ ಅವಳ ದೆಸೆಯಿಂದ ಹಾಸ್ಯಚಿತ್ರಗಳಾಗಿ, ಟೆಂಟಿನ ಮಾಲೀಕ ಬಸವರಾಜಪ್ಪನವರಿಗೆ ತಲೆನೋವೂ ತುಂಬಿದ ಬೆಂಚುಗಳೂ ಒಟ್ಟಿಗೇ ಸಿಗುತ್ತಿದ್ದವು. ಒಮ್ಮೆ ಅಂಥ ಶೂರರನ್ನೇ ಗೇಲಿ ಮಾಡುವ ಚಿತ್ರ ಬಂತು. ಕಾಶಮ್ಮ ಇನ್ನೇನು ಹೇಳುತ್ತಾಳೋ ಎಂದು ಎಲ್ಲರೂ ಕಿವಿಗೊಟ್ಟು ಕೂತರು. ಕಾಳಗದ ಹೊತ್ತಿಗೆ ನಾಯಕನ ಕೈ ಗಡಗಡ ನಡುಗಿ ಪಿಸ್ತೂಲು ಕಾಲಬುಡಕ್ಕೆ ಬಿತ್ತು. ಟೆಂಟು ಹಾರಿಹೋಗುವಷ್ಟು ನಗು. ಕಾಶಮ್ಮ ಮಾತ್ರ ಮುಂದಕ್ಕೆ ಬಾಗಿ, “ಬಿದ್ರೆ ಬೀಳ್ಲಿ ಬಿಡಿ, ನಿಧಾನಕ್ಕೆ ಎತ್ಕಳಿ,” ಎಂದಳು. ಪರದೆಯ ಮೇಲಿನವನಿಗೆ ಅವಳು ಬಹುವಚನ ಕೊಟ್ಟದ್ದು ಅದೇ ಮೊದಲು. ಪಕ್ಕದಲ್ಲಿದ್ದ ನೆರೆಮನೆಯ ವಿಮಲಮ್ಮ ನಗು ನುಂಗಿಕೊಂಡಳು. ಬಾಂಗ್ಲಾ ಯುದ್ಧದಿಂದ ಮರಳಿದ ಗಂಡನ ಕೈಯಿಂದ ನೀರಿನ ಲೋಟ ಜಾರಿದಾಗಲೆಲ್ಲ ಕಾಶಮ್ಮ ಹೇಳುವ ಆ ಮಾತು ಅವಳಿಗೆ ಗೋಡೆಯಾಚೆಯಿಂದ ದಿನವೂ ಕೇಳಿಸುತ್ತಿತ್ತು.